ಪುಟ್ಟ ಮಕ್ಕಳಿಗೆ ಕಲಿಸುವ ಓದು: ಪ್ರಾಯೋಗಿಕ ತರಬೇತಿಯ ತಿಂಗಳುಗಳನ್ನು ಅರಿಯೋಣ

ಮಗಳು ನರ್ಸಿಂಗ್ ಅಥವಾ ಬಿ.ಕಾಂ. ಓದುತ್ತೇನೆ ಎಂದರೆ ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಪುಟ್ಟ ಮಕ್ಕಳಿಗೆ ಕಲಿಸುವ ಕೋರ್ಸಿಗೆ ಸೇರುತ್ತೇನೆ ಎಂದರೆ ಮಾತ್ರ, "ಮಕ್ಕಳನ್ನು ನೋಡಿಕೊಳ್ಳಲು ಡಿಗ್ರಿ ಯಾಕೆ? ನಿನ್ನ ಅಜ್ಜಿ ಓದಿದ್ದರಾ?" ಎಂಬ ಮಾತು ಬರುತ್ತದೆ. ಈ ಲೇಖನ ಆ ಪ್ರಶ್ನೆಗೆ ಉತ್ತರ ಕೊಡಲು ಪ್ರಯತ್ನಿಸುತ್ತದೆ. ಈ ಓದಿನಲ್ಲಿ ಏನು ಕಲಿಯುತ್ತಾರೆ, ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಾಡುವ ಪ್ರಾಯೋಗಿಕ ತರಬೇತಿ ಹೇಗಿರುತ್ತದೆ, ಕುಟುಂಬ ಯಾವುದಕ್ಕೆ ಸಿದ್ಧವಾಗಿರಬೇಕು, ದಾನಿಗಳ ನೆರವು ಎಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

ಈ ವಯಸ್ಸಿಗೆ ಏಕೆ ಇಷ್ಟು ಮಹತ್ವ?

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪೌಷ್ಟಿಕ ಆಹಾರ ಮತ್ತು ಲಸಿಕೆಯ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿಯ ಕೆಲಸವಾಗಿತ್ತು. 2002ರ ಸಂವಿಧಾನ ತಿದ್ದುಪಡಿ 45ನೇ ವಿಧಿಯನ್ನು ಬದಲಿಸಿ, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಆರೈಕೆ ಮತ್ತು ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕು ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಮೂರು ವರ್ಷದಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು, ಅಂದರೆ ಶಾಲಾಪೂರ್ವದ ಮೂರು ವರ್ಷ ಮತ್ತು ಒಂದು, ಎರಡನೇ ತರಗತಿಗಳನ್ನು ಸೇರಿಸಿ 'ಬುನಾದಿ ಹಂತ' ಎಂದು ಕರೆಯಿತು. ಮಿದುಳಿನ ಒಟ್ಟು ಬೆಳವಣಿಗೆಯ ಶೇಕಡಾ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು ಆ ನೀತಿ ಹೇಳುತ್ತದೆ.

ಅಜ್ಜಿಯ ಪ್ರೀತಿಗೆ ಯಾವ ಕೋರ್ಸೂ ಸಾಟಿಯಲ್ಲ. ಆದರೆ ಅಜ್ಜಿ ನೋಡಿಕೊಂಡದ್ದು ತನ್ನ ಮನೆಯ ನಾಲ್ಕು ಮಕ್ಕಳನ್ನು. ಟೀಚರ್ ನೋಡಬೇಕಾದದ್ದು ಬೇರೆ ಬೇರೆ ಮನೆಗಳಿಂದ, ಬೇರೆ ಬೇರೆ ಭಾಷೆಗಳಿಂದ ಬಂದ ಇಪ್ಪತ್ತು ಮಕ್ಕಳನ್ನು. ಅವರಲ್ಲಿ ಯಾರಿಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ, ಯಾರು ಭಯದಿಂದ ಮೌನವಾಗಿದ್ದಾರೆ, ಯಾರಿಗೆ ಪೆನ್ಸಿಲ್ ಹಿಡಿಯಲು ಬೆರಳುಗಳಿಗೆ ಇನ್ನೂ ಬಲ ಬಂದಿಲ್ಲ ಎಂದು ಗುರುತಿಸುವುದು ಕಲಿತು ಬರುವ ವಿದ್ಯೆ.

ಪಿಯುಸಿ ನಂತರದ ದಾರಿಗಳು

ಒಂದನೆಯದು, ಎರಡು ವರ್ಷದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ. ಎರಡನೆಯದು, ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ ಪದವಿ (ಐಟಿಇಪಿ). ಇದು 2023-24ರಲ್ಲಿ ಆರಂಭವಾಯಿತು. ಪದವಿ ಮತ್ತು ಬಿ.ಎಡ್. ಎರಡೂ ಇದರೊಳಗೇ ಸೇರಿವೆ, ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಇದರಲ್ಲಿ ಬುನಾದಿ ಹಂತಕ್ಕೆ ಪ್ರತ್ಯೇಕ ವಿಭಾಗವಿದ್ದರೂ ಎಲ್ಲ ಕಾಲೇಜುಗಳಲ್ಲೂ ಅದು ಸಿಗುವುದಿಲ್ಲ. ಸೇರುವ ಮುನ್ನ ಕೇಳಿ ತಿಳಿದುಕೊಳ್ಳಬೇಕು. ಮೂರನೆಯದು, ಗೃಹವಿಜ್ಞಾನ ಅಥವಾ ಸಮುದಾಯ ವಿಜ್ಞಾನ ಪದವಿಯಲ್ಲಿ ಮಾನವ ಅಭಿವೃದ್ಧಿ ವಿಷಯ. ಬೆಂಗಳೂರಿನ ವಿ.ಎಚ್.ಡಿ. ಕೇಂದ್ರೀಯ ಗೃಹವಿಜ್ಞಾನ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯ ಈ ಕ್ಷೇತ್ರದ ಹಳೆಯ ಹೆಸರುಗಳು. ಮನೆ ಬಿಟ್ಟು ಹೋಗಲಾಗದವರಿಗೆ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶಿಶು ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ ಇದೆ.

ಒಂದು ಎಚ್ಚರಿಕೆ. ಊರೂರಿನಲ್ಲಿ ಕೆಲವೇ ತಿಂಗಳ 'ನರ್ಸರಿ ಟೀಚರ್ ಟ್ರೈನಿಂಗ್' ಬೋರ್ಡುಗಳು ಕಾಣುತ್ತವೆ. ಕೆಲವು ಒಳ್ಳೆಯ ಕೌಶಲವನ್ನೇ ಕಲಿಸಬಹುದು. ಆದರೆ ಶಿಕ್ಷಕ ಹುದ್ದೆಗೆ ಅರ್ಹತೆ ಎಂದು ಪರಿಗಣಿಸಬೇಕಾದರೆ ಆ ಕೋರ್ಸಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ಮಾನ್ಯತೆ ಬೇಕಾಗುತ್ತದೆ. ಶುಲ್ಕ ಕಟ್ಟುವ ಮೊದಲು ಮಾನ್ಯತೆ ಪತ್ರ ತೋರಿಸಿ ಎಂದು ಕೇಳುವುದು ತಪ್ಪಲ್ಲ.

ಪ್ರಾಯೋಗಿಕ ತರಬೇತಿ ಹೇಗೆ ನಡೆಯುತ್ತದೆ?

ಮೊದಲ ದಿನವೇ ಯಾರನ್ನೂ ಮಕ್ಕಳ ಮುಂದೆ ನಿಲ್ಲಿಸುವುದಿಲ್ಲ. ಮೊದಲ ಮೆಟ್ಟಿಲು ನೋಡುವುದು. ಮೂಲೆಯಲ್ಲಿ ಕುಳಿತು, ಮಕ್ಕಳ ಆಟಕ್ಕೆ ಅಡ್ಡಿಯಾಗದೆ, ಕಂಡದ್ದನ್ನು ಬರೆಯುವುದು. ಎರಡನೆಯದು ಕೈ ಜೋಡಿಸುವುದು. ಚಾಪೆ ಹಾಸುವುದು, ಕೈ ತೊಳೆಸುವುದು, ಅಳುವ ಮಗುವಿನ ಪಕ್ಕ ಕೂರುವುದು. ಮೂರನೆಯದು ನಾಲ್ಕೈದು ಮಕ್ಕಳ ಚಿಕ್ಕ ಗುಂಪಿಗೆ ಕಥೆ ಅಥವಾ ಒಂದು ಚಟುವಟಿಕೆ. ನಂತರ ಇಡೀ ತರಗತಿಗೆ ಅರ್ಧ ಗಂಟೆ. ಕೊನೆಗೆ, ಮುಖ್ಯ ಶಿಕ್ಷಕಿಯ ಕಣ್ಣೆದುರಿನಲ್ಲಿ, ಪೂರ್ತಿ ದಿನದ ಹೊಣೆ.

ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ತರಗತಿ ಪಾಠಗಳಿಗೆ ಶೇಕಡಾ 80 ಹಾಜರಿ ಸಾಕು, ಶಾಲಾ ಇಂಟರ್ನ್‌ಶಿಪ್‌ಗೆ ಶೇಕಡಾ 90 ಬೇಕು. ಓದಿನ ತೂಕ ಎಲ್ಲಿದೆ ಎಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ. ಮನೆಯ ಮದುವೆ, ನೆಂಟರ ಊಟ ಎಂದು ಈ ಅವಧಿಯಲ್ಲಿ ಮಗಳನ್ನು ವಾರಗಟ್ಟಲೆ ಮನೆಯಲ್ಲಿ ಉಳಿಸಿಕೊಂಡರೆ ಇಡೀ ವರ್ಷವೇ ಕೈತಪ್ಪಬಹುದು.

ಒಂದು ಪಾಠ: ನೋಡಿದ್ದನ್ನು ಬರೆಯುವುದು

ಈ ಓದಿನ ಹೃದಯ ಅವಲೋಕನ ದಾಖಲೆ. ಒಂದು ಕಲ್ಪಿತ ಉದಾಹರಣೆಯಿಂದ ಅದನ್ನು ಅರ್ಥ ಮಾಡಿಕೊಳ್ಳೋಣ. ಕಲಬುರಗಿಯ ಕಡೆಯ ಒಂದು ಅಂಗನವಾಡಿ. ನಾಲ್ಕು ವರ್ಷದ ಒಂದು ಹೆಣ್ಣು ಮಗು. ಹೊಸ ವಿದ್ಯಾರ್ಥಿನಿ ಹೀಗೆ ಬರೆಯುತ್ತಾಳೆ:

"ಈ ಮಗು ಮಂದ. ಬಣ್ಣಗಳು ಗೊತ್ತಿಲ್ಲ. ಕೇಳಿದರೆ ಉತ್ತರ ಕೊಡುವುದಿಲ್ಲ."

ಮೇಲ್ವಿಚಾರಕರು ಇದನ್ನು ತಿದ್ದಲು ಹೇಳುತ್ತಾರೆ. 'ಮಂದ' ಎಂಬುದು ಕಣ್ಣಿಗೆ ಕಂಡದ್ದಲ್ಲ, ನಾವು ಕೊಟ್ಟ ತೀರ್ಪು. ಮರುದಿನ ಅವಳು ಸಮಯ ಹಾಕಿ ಬರೆಯುತ್ತಾಳೆ:

"10.20. ಟೀಚರ್ ಕೆಂಪು ಮುಚ್ಚಳ ಎತ್ತಿ ಹಿಡಿದು 'ಇದು ಯಾವ ಬಣ್ಣ?' ಎಂದು ಕೇಳಿದರು. ಮಗು ಮುಚ್ಚಳ ನೋಡಿತು, ಆಮೇಲೆ ನೆಲ ನೋಡಿತು. ಮಾತನಾಡಲಿಲ್ಲ. 10.45. ಆಟದ ಸಮಯ. ಮಗು ಬಾಟಲಿ ಮುಚ್ಚಳಗಳನ್ನು ಬೇರೆ ಬೇರೆ ಗುಂಪು ಮಾಡಿತು. ಪಕ್ಕದ ಮಗು ಹಸಿರು ಮುಚ್ಚಳವನ್ನು ಕೆಂಪು ಗುಂಪಿಗೆ ಹಾಕಿದಾಗ ಅದನ್ನು ತೆಗೆದು, 'ಯೇ ಲಾಲ್ ನಹೀ' ಎಂದಿತು."

ಎರಡು ದಾಖಲೆಗಳ ನಡುವಿನ ವ್ಯತ್ಯಾಸ ನೋಡಿ. ಮಗುವಿಗೆ ಬಣ್ಣ ಗೊತ್ತು, ವಿಂಗಡಿಸಲು ಗೊತ್ತು, ತಪ್ಪನ್ನು ತಿದ್ದಲೂ ಗೊತ್ತು. ಅದಕ್ಕೆ ಗೊತ್ತಿಲ್ಲದ್ದು 'ಕೆಂಪು' ಎಂಬ ಕನ್ನಡ ಪದ ಮಾತ್ರ. ಹಾಗಾದರೆ ನಾಳೆಯ ಯೋಜನೆ ಏನು? ಬಣ್ಣದ ಪಾಠವನ್ನು ಮತ್ತೆ ಮೊದಲಿನಿಂದ ಮಾಡುವ ಅಗತ್ಯವಿಲ್ಲ. 'ಲಾಲ್, ಕೆಂಪು' ಎಂದು ಎರಡೂ ಪದಗಳನ್ನು ಜೊತೆಯಾಗಿ ಹೇಳುತ್ತಾ ಅದೇ ಮುಚ್ಚಳಗಳ ಆಟ ಆಡಿಸಿದರೆ ಸಾಕು. ಮೊದಲ ದಾಖಲೆ ಆ ಮಗುವಿನ ಹೆಸರಿನ ಮುಂದೆ ಉಳಿದಿದ್ದರೆ ಮುಂದಿನ ವರ್ಷಗಳ ಟೀಚರ್‌ಗಳೂ ಅದನ್ನೇ ನಂಬುತ್ತಿದ್ದರು.

2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಗುವಿನ ಮನೆಮಾತಿನಿಂದಲೇ ಕಲಿಕೆ ಆರಂಭವಾಗಬೇಕು ಎನ್ನುತ್ತದೆ. ನಮ್ಮ ಅನೇಕ ಮನೆಗಳಲ್ಲಿ ದಖನಿ ಉರ್ದು, ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ ಆಡುತ್ತಾರೆ. ಮನೆಯಲ್ಲಿ ಈ ಮಾತು, ಹೊರಗೆ ಒಳ್ಳೆಯ ಕನ್ನಡ, ಎರಡೂ ಬಲ್ಲ ವಿದ್ಯಾರ್ಥಿನಿಗೆ ಇದು ಕೊರತೆಯಲ್ಲ, ವೃತ್ತಿಯ ಬಂಡವಾಳ. ಮೇಲಿನ ಉದಾಹರಣೆಯಲ್ಲಿ 'ಲಾಲ್' ಎಂಬ ಪದ ಕಿವಿಗೆ ಬಿದ್ದು ಅರ್ಥವಾಗಬೇಕಾದರೆ ಅಂಥ ಟೀಚರ್ ಬೇಕು.

ಮಕ್ಕಳ ಸುರಕ್ಷತೆ

ತರಬೇತಿಗೆ ಹೋದಲ್ಲಿ ಮಕ್ಕಳ ಫೋಟೊ ತೆಗೆದು ವಾಟ್ಸ್ಆಪ್ ಸ್ಟೇಟಸ್‌ಗೆ ಹಾಕಬಾರದು. ದಾಖಲೆ ಪುಸ್ತಕದಲ್ಲಿ ಮಗುವಿನ ನಿಜ ಹೆಸರಿನ ಬದಲು ಒಂದು ಅಕ್ಷರ ಬಳಸುವುದು ಒಳ್ಳೆಯದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ. ತರಬೇತಿಯ ವಿದ್ಯಾರ್ಥಿನಿಗೂ ಇದು ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಖರ್ಚು ಎಲ್ಲಿ ಬೀಳುತ್ತದೆ: ದಾನಿಗಳ ಗಮನಕ್ಕೆ

ವಿದ್ಯಾರ್ಥಿವೇತನ ಎಂದಾಗ ನಾವು ಸಾಮಾನ್ಯವಾಗಿ ಕಾಲೇಜಿನ ಶುಲ್ಕವನ್ನೇ ಲೆಕ್ಕ ಹಾಕುತ್ತೇವೆ. ಈ ಓದಿನಲ್ಲಿ ಕಷ್ಟದ ಸಮಯ ಬರುವುದು ತರಬೇತಿಯ ತಿಂಗಳುಗಳಲ್ಲಿ. ತರಬೇತಿಗೆ ಸಂಬಳವಿಲ್ಲ. ಸಂಜೆ ಟ್ಯೂಷನ್ ಹೇಳುತ್ತಿದ್ದವಳು, ಬಿಡುವಿನಲ್ಲಿ ಹೊಲಿಗೆ ಹಾಕುತ್ತಿದ್ದವಳು, ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದವಳು ಆ ಕೆಲಸ ಬಿಡಬೇಕಾಗುತ್ತದೆ. ಬೆಳಗ್ಗೆ ಶಾಲೆ, ಸಂಜೆ ದಾಖಲೆ ಬರೆಯುವುದು, ರಾತ್ರಿ ಮರುದಿನದ ಚಾರ್ಟು, ಕೈಗೊಂಬೆ ತಯಾರಿಸುವುದು. ಇದರ ಮೇಲೆ ಬಸ್ ಪಾಸ್, ದಾಖಲೆ ಪುಸ್ತಕ, ಬಣ್ಣ, ಕಾಗದ. ಒಂದೊಂದೂ ಸಣ್ಣ ಮೊತ್ತ. ಆದರೆ ಮನೆಯ ಆದಾಯ ಕಡಿಮೆಯಾದ ತಿಂಗಳಲ್ಲೇ ಎಲ್ಲವೂ ಒಟ್ಟಿಗೆ ಬರುತ್ತವೆ.

ಆದ್ದರಿಂದ ದಾನಿಗಳಲ್ಲಿ ಒಂದು ವಿನಂತಿ. ಈ ಓದಿಗೆ ಕೊಡುವ ನೆರವನ್ನು ವರ್ಷದ ಆರಂಭದಲ್ಲೇ ಪೂರ್ತಿ ಕೊಡುವ ಬದಲು, ಒಂದು ಪಾಲನ್ನು ತರಬೇತಿಯ ತಿಂಗಳುಗಳಿಗೆ ತಿಂಗಳ ಲೆಕ್ಕದಲ್ಲಿ ಎತ್ತಿಡುವುದು ಒಳ್ಳೆಯದು. ಅದೇ ಹಣ, ಕೊಡುವ ಸಮಯ ಮಾತ್ರ ಬೇರೆ. ಕೋರ್ಸ್ ಅರ್ಧಕ್ಕೆ ನಿಲ್ಲದಂತೆ ಕಾಪಾಡುವುದು ಈ ಸಮಯಪಾಲನೆಯೇ.

ಓದಿದ ಮೇಲೆ

ಇಲ್ಲಿ ಆಸೆ ಹುಟ್ಟಿಸುವ ಮಾತು ಬೇಡ. ಅನೇಕ ಖಾಸಗಿ ನರ್ಸರಿಗಳಲ್ಲಿ ಸಂಬಳ ಕಡಿಮೆ. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಗೌರವಧನ. ಅವರಿಗೂ ಗ್ರಾಚ್ಯುಟಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಪದವಿಯವರೆಗೆ ಓದಿದವರಿಗೆ ದಾರಿಗಳು ಹೆಚ್ಚು: ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದಲ್ಲಿ ಮುಂದಿನ ಓದು, ಶಿಕ್ಷಕರ ತರಬೇತಿ, ಸ್ವಂತ ಶಿಶುಕೇಂದ್ರ. ಡಿಪ್ಲೊಮಾಗೆ ನಿಲ್ಲದೆ ಪದವಿ ಮುಗಿಸಿ ಎಂದು ಹೇಳುವುದು ಇದೇ ಕಾರಣಕ್ಕೆ.

ಅರ್ಜಿ ಹಾಕುವ ಮುನ್ನ ಕುಟುಂಬ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಕೋರ್ಸಿಗೆ ಯಾರ ಮಾನ್ಯತೆ ಇದೆ? ಪತ್ರ ನೋಡಿದ್ದೀರಾ?
2. ಪ್ರಾಯೋಗಿಕ ತರಬೇತಿ ಯಾವ ತಿಂಗಳುಗಳಲ್ಲಿ, ಎಷ್ಟು ವಾರ, ಮನೆಯಿಂದ ಎಷ್ಟು ದೂರ?
3. ಅಂಗನವಾಡಿ ಮತ್ತು ಶಾಲೆ, ಎರಡೂ ಕಡೆ ಕಳುಹಿಸುತ್ತಾರಾ? ಒಂದೇ ಕಡೆ ಕಲಿತರೆ ಒಂದೇ ರೀತಿ ತಿಳಿಯುತ್ತದೆ.
4. ಕಾಲೇಜಿನ ಮೇಲ್ವಿಚಾರಕರು ತರಬೇತಿಯ ಜಾಗಕ್ಕೆ ಬಂದು ನೋಡುತ್ತಾರಾ?
5. ಆ ತಿಂಗಳುಗಳಲ್ಲಿ ಮನೆಗೆಲಸದಿಂದ ಅವಳಿಗೆ ಎಷ್ಟು ಬಿಡುವು ಕೊಡಬಲ್ಲಿರಿ?
6. ಬಸ್ ಮತ್ತು ಸಾಮಗ್ರಿಗೆ ಎಷ್ಟು ಬೇಕು? ಈ ಮೊತ್ತವನ್ನು ಅರ್ಜಿಯಲ್ಲಿ ಶುಲ್ಕದಿಂದ ಬೇರೆಯಾಗಿ ಬರೆಯಿರಿ. ಕೇಳಲು ಸಂಕೋಚ ಬೇಡ.

ಇನ್ನೂ ನಿರ್ಧಾರ ಆಗದಿದ್ದರೆ ವಿದ್ಯಾರ್ಥಿನಿ ಒಂದು ಕೆಲಸ ಮಾಡಬಹುದು. ಹತ್ತಿರದ ಅಂಗನವಾಡಿ ಟೀಚರ್ ಅವರ ಅನುಮತಿ ಕೇಳಿ, ಒಂದು ಬೆಳಗ್ಗೆ ಅಲ್ಲಿ ಕುಳಿತು, ಒಂದೇ ಮಗುವನ್ನು ಇಪ್ಪತ್ತು ನಿಮಿಷ ನೋಡಿ, ಕಂಡದ್ದನ್ನಷ್ಟೇ ಅರ್ಧ ಪುಟ ಬರೆಯಲಿ. ಹೊತ್ತು ಹೋದದ್ದೇ ತಿಳಿಯದಿದ್ದರೆ, ಈ ಓದು ಅವಳಿಗೆ ಒಪ್ಪುತ್ತದೆ.