ಫೋಟೊ ಇಡಲು ತಿಂಗಳ ಬಾಡಿಗೆ

ಖಾತೆಯಿಂದ ನಾಳೆ 130 ರೂಪಾಯಿ ಕಡಿತವಾಗಲಿದೆ ಎಂದು ಎಸ್‌ಎಂಎಸ್ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋಟೆಲಿನಲ್ಲಿ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಬಿಲ್ಲು ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಮನೆಖರ್ಚನ್ನು ಪುಸ್ತಕದಲ್ಲಿ ಬರೆದಿಡುವ ಹಳೇ ಚಾಳಿ ನನಗೆ. ಅದರಲ್ಲಿ ಹಾಲು, ಪೇಪರು, ಕೇಬಲ್ಲುಗಳ ಸಾಲಿಗೆ ‘ಫೋಟೊ ಬಾಡಿಗೆ’ ಎಂಬ ಹೊಸ ತಲೆಬರಹ ಸೇರಿದೆ. ಗೂಗಲ್ ಒನ್‌ನ 100 ಜಿಬಿಗೆ ತಿಂಗಳಿಗೆ 130 ಎಂದರೆ ವರ್ಷಕ್ಕೆ 1,560 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಈ ಖರ್ಚಿನ ಜಾತಿಯೇ ಬೇರೆ. ಗೃಹಸಾಲಕ್ಕೆ ಕೊನೆಯ ಕಂತು ಅಂತ ಒಂದಿರುತ್ತದೆ, ಪಾಲಿಸಿ ಮೆಚ್ಯೂರ್ ಆಗುತ್ತದೆ, ಚೀಟಿ ಮುಗಿಯುತ್ತದೆ. ಫೋಟೊ ಬಾಡಿಗೆ ಮಾತ್ರ ಮುಗಿಯುವುದಿಲ್ಲ. ಫೋಟೊ ಹೆಚ್ಚಿದ ಹಾಗೆ ಏರುತ್ತಲೇ ಹೋಗುತ್ತದೆ.

ಆ ಎಸ್‌ಎಂಎಸ್ ಬರುವುದು ರಿಸರ್ವ್ ಬ್ಯಾಂಕಿನ ಕೃಪೆಯಿಂದ. ಹೀಗೆ ತಾನಾಗಿ ಕಡಿತವಾಗುವ ಹಣಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು ಎಂಬ ನಿಯಮ 2021ರ ಅಕ್ಟೋಬರ್‌ನಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದೆ. ಮರುವರ್ಷ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಡ ಎಂದೂ ಆಯಿತು. ಅಂದರೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಆ ಎಸ್‌ಎಂಎಸ್ ಒಂದೇ. ಓದಿ.

ಈ ಬಾಡಿಗೆ ಶುರುವಾದದ್ದು ಹೇಗೆ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ, ಗುಣಮಟ್ಟ ಸ್ವಲ್ಪ ಇಳಿಸಲು ಒಪ್ಪಿದರೆ ಎಷ್ಟು ಫೋಟೊ ಬೇಕಾದರೂ ಪುಕ್ಕಟೆ ಇಡಬಹುದಿತ್ತು. ಅಲ್ಲಿಯವರೆಗೆ ಕ್ಯಾಮೆರಾದ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ, ‘ಧರ್ಮಸ್ಥಳ ಟ್ರಿಪ್’ ಎಂದು ಫೋಲ್ಡರ್‌ಗೆ ಹೆಸರಿಟ್ಟು ಕಾಪಿ ಮಾಡುತ್ತಿದ್ದವರು ನಾವು. ಆ ರೂಢಿ ಆರು ವರ್ಷಗಳಲ್ಲಿ ಹೋಯಿತು. 2021ರ ಜೂನ್ 1ರಿಂದ ಪುಕ್ಕಟೆಯೂ ಹೋಯಿತು. ಆಮೇಲೆ ಹೊಸದಾಗಿ ಸೇರುವ ಪ್ರತಿ ಫೋಟೊ 15 ಜಿಬಿಯ ಲೆಕ್ಕಕ್ಕೆ, ಅದೂ ಜಿಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ಪಿಗೆ ಮೊದಲಿದ್ದ ವಿನಾಯಿತಿಯೂ ಈಗ ಇಲ್ಲ, ಅದೂ ಇದೇ 15 ಜಿಬಿಯೊಳಗೆ. ಜಾಗ ಪೂರ್ತಿ ತುಂಬಿದರೆ ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್, ವಿಮೆಯ ನವೀಕರಣದ ನೋಟಿಸ್ ಎಲ್ಲವೂ ಮೇಲಿಗೇ ಬರುವ ಈ ಕಾಲದಲ್ಲಿ, ಮೊಮ್ಮಗನ ವಿಡಿಯೊ ಹೆಚ್ಚಾಗಿದ್ದಕ್ಕೆ ಪ್ರೀಮಿಯಂ ಕಟ್ಟುವ ದಿನ ತಪ್ಪಿಹೋಗಬಹುದು.

ಅಮ್ಮನ ಫೋನಿನಲ್ಲಿ ‘ಸ್ಟೋರೇಜ್ ಫುಲ್’ ಎಂದು ಬಂದಾಗ, ದುಡ್ಡು ಕಟ್ಟುವ ಮೊದಲು ಒಳಗೇನಿದೆ ನೋಡೋಣ ಎಂದು ಕೂತೆ. ಉಗಾದಿಯ ಒಬ್ಬಟ್ಟಿನ ಒಂದೇ ಭಂಗಿಯ ಏಳೆಂಟು ಫೋಟೊ, ಕರೆಂಟ್ ಬಿಲ್ಲಿನ ಫೋಟೊ, ದುಡ್ಡು ಕಳಿಸಿದ್ದಕ್ಕೆ ಸಾಕ್ಷಿಯಾಗಿ ಸ್ಕ್ರೀನ್‌ಶಾಟ್‌ಗಳು, ಜೇಬಿನೊಳಗೆ ತಾನೇ ಶುರುವಾಗಿ ರೆಕಾರ್ಡ್ ಆದ ಕತ್ತಲೆಯ ವಿಡಿಯೊ. ಮಿಕ್ಕಿದ್ದೆಲ್ಲ ಶುಭೋದಯ. ಗುಲಾಬಿ, ಸೂರ್ಯ, ರಾಘವೇಂದ್ರ ಸ್ವಾಮಿ, ಮತ್ತೆ ಗುಲಾಬಿ. “ಅಮ್ಮಾ, ಈ ಗುಲಾಬಿ ತೆಗೆದುಹಾಕ್ಲಾ?” ಎಂದೆ. “ಅದು ನಿಮ್ಮತ್ತೆ ಕಳಿಸಿದ್ದು ಕಣೋ, ಇರ್ಲಿ ಬಿಡು” ಎಂದಳು. ಒಂದೊಂದಾಗಿ ಕೇಳುತ್ತ ಹೋದರೆ ಆಗುವ ಕೆಲಸ ಅಲ್ಲ ಎಂದು ಆಗಲೇ ಗೊತ್ತಾಯಿತು. ಫೋಟೊ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ಫೋಲ್ಡರ್ ಬ್ಯಾಕಪ್ ಆಗಬೇಕು ಎಂದು ಆರಿಸಬಹುದು. ಅಲ್ಲಿ ವಾಟ್ಸ್ಆ್ಯಪ್ ಇಮೇಜಸ್, ಸ್ಕ್ರೀನ್‌ಶಾಟ್ಸ್ ಎರಡನ್ನೂ ಆಫ್ ಮಾಡಿದೆ. ಅತ್ತೆ ಇನ್ನು ಮುಂದೆ ಕಳಿಸುವ ಗುಲಾಬಿಗಳು ಫೋನಿನಲ್ಲೇ ಉಳಿಯುತ್ತವೆ, ಅವಕ್ಕೆ ಬಾಡಿಗೆ ಕಟ್ಟುವುದು ತಪ್ಪಿತು.

ನಿಜವಾಗಿ ಜಾಗ ತಿನ್ನುವುದು ವಿಡಿಯೊ. ಸಾಧಾರಣ ಫೋಟೊ ಒಂದಕ್ಕೆ ಮೂರು ನಾಲ್ಕು ಎಂಬಿ ಸಾಕು. 4ಕೆಯಲ್ಲಿ ತೆಗೆದ ಒಂದು ನಿಮಿಷದ ವಿಡಿಯೊಗೆ, ಫೋನ್ ಯಾವುದು ಎಂಬುದರ ಮೇಲೆ, 170ರಿಂದ 400 ಎಂಬಿ ತನಕ ಬೇಕಾಗುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದಾಗ ಸುತ್ತ ನೋಡಿದೆ. ಮುಂದಿನವರ ತಲೆಗಳ ಸಂದಿಯಿಂದ ಪ್ರತಿಯೊಬ್ಬ ಅಪ್ಪನೂ ಇಡೀ ನೃತ್ಯವನ್ನು 4ಕೆಯಲ್ಲಿ ಹಿಡಿಯುತ್ತಿದ್ದ. ಆ ವಿಡಿಯೊದಲ್ಲಿ ಅತಿ ಸ್ಪಷ್ಟವಾಗಿ ಕಾಣುವುದು ಮುಂದೆ ಕೂತವರ ಬಕ್ಕತಲೆ. ಕ್ಯಾಮೆರಾ ಸೆಟ್ಟಿಂಗನ್ನು 1080ಪಿಗೆ ಇಳಿಸಿದರೆ ಜಾಗ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ, ಫೋನಿನ ಪರದೆಯಲ್ಲಿ ನೋಡುವವರಿಗೆ ವ್ಯತ್ಯಾಸವೂ ತಿಳಿಯುವುದಿಲ್ಲ. ದೊಡ್ಡ ಪ್ಲಾನಿಗೆ ಏರುವ ಮುನ್ನ ಮಾಡಬೇಕಾದ ಮೊದಲ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಇನ್ನು ಕಂಪ್ಯೂಟರಿನ ಮಾತು. ‘ಎಲ್ಲ ಕ್ಲೌಡ್‌ನಲ್ಲಿದೆ, ಕಂಪ್ಯೂಟರಿನಲ್ಲೂ ಕಾಣುತ್ತೆ, ಇನ್ನೇನು’ ಎನ್ನುವವರನ್ನು ದಿನಾ ನೋಡುತ್ತೇನೆ. ಕಾಣುವುದು ಬೇರೆ, ಇರುವುದು ಬೇರೆ. ಬ್ರೌಸರಿನಲ್ಲಿ ಗೂಗಲ್ ಫೋಟೋಸ್ ತೆರೆದಾಗ ಕಾಣುವುದು ಗೂಗಲ್‌ನ ಕಂಪ್ಯೂಟರಿನಲ್ಲಿರುವ ಪ್ರತಿ, ನಿಮ್ಮದಲ್ಲ. ಹಿಂದೆ ಡ್ರೈವ್‌ನೊಳಗೆ ಫೋಟೊಗಳದ್ದೇ ಒಂದು ಫೋಲ್ಡರ್ ಇತ್ತು, ಡ್ರೈವ್ ತಂತ್ರಾಂಶ ಹಾಕಿಕೊಂಡರೆ ಅವು ಕಂಪ್ಯೂಟರಿಗೆ ತಾವಾಗಿ ಇಳಿಯುತ್ತಿದ್ದವು. 2019ರ ಜುಲೈನಲ್ಲಿ ಆ ನಂಟನ್ನು ಗೂಗಲ್ ಕತ್ತರಿಸಿತು. ಈಗ ಅದೇ ತಂತ್ರಾಂಶ ಕಂಪ್ಯೂಟರಿನ ಫೋಟೊಗಳನ್ನು ಮೇಲಕ್ಕೆ ಏರಿಸುತ್ತದೆ, ಮೇಲಿನದನ್ನು ಕೆಳಗಿಳಿಸುವುದಿಲ್ಲ. ಇನ್ನೊಂದು ಅಪಾಯ ಅಳಿಸುವುದರಲ್ಲಿದೆ. ಗೂಗಲ್ ಫೋಟೋಸ್ ಆಗಲಿ ಐಕ್ಲೌಡ್ ಆಗಲಿ, ಆ್ಯಪಿನಲ್ಲಿ ಫೋಟೊ ಅಳಿಸಿದರೆ ಫೋನು, ಕ್ಲೌಡ್ ಎರಡೂ ಕಡೆಯಿಂದ ಹೋಗುತ್ತದೆ. ಗೂಗಲ್‌ನಲ್ಲಿ ಬ್ಯಾಕಪ್ ಆದ ಫೋಟೊ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಐಕ್ಲೌಡ್‌ನಲ್ಲಿ 30 ದಿನ. ಆಮೇಲೆ ದೇವರೇ ಗತಿ. ಫೋನಿನಲ್ಲಿ ಮಾತ್ರ ಜಾಗ ಬೇಕಿದ್ದರೆ ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯೇ ಗುಂಡಿ ಇದೆ, ಅದನ್ನು ಒತ್ತಬೇಕು.

ನಾನು ಕಂಪ್ಯೂಟರಿಗೆ ಫೋಟೊ ಇಳಿಸಿಕೊಳ್ಳುವುದು ಒನ್‌ಡ್ರೈವ್ ಮೂಲಕ. ಮೈಕ್ರೊಸಾಫ್ಟ್ ಖಾತೆ ಇದ್ದವರಿಗೆಲ್ಲ ಅದು ಪುಕ್ಕಟೆ ಕೊಡುವುದು 5 ಜಿಬಿ ಮಾತ್ರ, ಆದ್ದರಿಂದ ಜನ ಮೂಗು ಮುರಿಯುತ್ತಾರೆ. ಆ 5 ಜಿಬಿಯನ್ನು ಕೆರೆಯಂತೆ ಬಳಸಿದರೆ ಸಾಲದು ನಿಜ, ಕಾಲುವೆಯಂತೆ ಬಳಸಿದರೆ ಧಾರಾಳ. ಫೋನಿನಲ್ಲಿ ಒನ್‌ಡ್ರೈವ್ ಹಾಕಿ ಕ್ಯಾಮೆರಾ ಬ್ಯಾಕಪ್ ಆನ್ ಮಾಡಿದ್ದೇನೆ. ವೈಫೈ ಸಿಕ್ಕಾಗ ಹೊಸ ಫೋಟೊ ಮೇಲೇರಿ, ವಿಂಡೋಸ್ ಕಂಪ್ಯೂಟರಿನ ಪಿಕ್ಚರ್ಸ್ ಫೋಲ್ಡರಿಗೆ ಬರುತ್ತದೆ. ಅಲ್ಲಿಂದ ಆಗಾಗ ಒನ್‌ಡ್ರೈವ್‌ನ ಹೊರಗೆ ಮಾಡಿಟ್ಟ ವರ್ಷ, ತಿಂಗಳಿನ ಹೆಸರಿನ ಫೋಲ್ಡರಿಗೆ ‘ಕಟ್’ ಮಾಡಿ ಸಾಗಿಸುತ್ತೇನೆ. ಒನ್‌ಡ್ರೈವ್ ಮತ್ತೆ ಖಾಲಿ, 5 ಜಿಬಿ ಮತ್ತೆ ಲಭ್ಯ. ಒಂದು ಎಚ್ಚರಿಕೆ ಬೇಕು. ಫೈಲಿನ ಪಕ್ಕ ನೀಲಿ ಮೋಡದ ಚಿಹ್ನೆ ಇದ್ದರೆ ಕಂಪ್ಯೂಟರಿನಲ್ಲಿರುವುದು ಬರೀ ಹೆಸರು, ಫೋಟೊ ಇನ್ನೂ ಇಳಿದಿಲ್ಲ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ, ಹಸಿರು ಗುರುತು ಬಂದ ಮೇಲೆ ಸಾಗಿಸಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಮೇಲು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನಿನಲ್ಲಿ 100 ಜಿಬಿ ಸಾಗಿಸಲು ಬೇರೇನೂ ನೋಡದೆ 50 ದಿನ ಬೇಕು. ಚಾರ್ಜರಿನ ವೈರನ್ನೇ ಕಂಪ್ಯೂಟರಿಗೆ ಚುಚ್ಚಿ ಕ್ಯಾಮೆರಾದ ಫೋಟೊಗಳಿರುವ ಡಿಸಿಐಎಂ ಫೋಲ್ಡರನ್ನು ಕಾಪಿ ಮಾಡಿದರೆ ಅದೇ ಕೆಲಸ ಒಂದು ಮಧ್ಯಾಹ್ನದಲ್ಲಿ, ಬಿಟ್ಟಿಯಾಗಿ ಆಗುತ್ತದೆ.

ಈಗಾಗಲೇ ಗೂಗಲ್‌ನಲ್ಲಿ ಸೇರಿಹೋಗಿರುವ ಹಳೆಯ ರಾಶಿಗೆ ‘ಗೂಗಲ್ ಟೇಕ್‌ಔಟ್’ ಇದೆ. ಕೇಳಿದರೆ ಜಿಪ್ ಕಟ್ಟುಗಳನ್ನು ತಯಾರಿಸಿ ಮೇಲ್ ಕಳಿಸುತ್ತದೆ, ಸುಮಾರು ಏಳು ದಿನದೊಳಗೆ ಇಳಿಸಿಕೊಳ್ಳಬೇಕು. ಕಟ್ಟು ಬಿಚ್ಚಿದಾಗ ಫೋಟೊಗಳ ಜೊತೆ ಜೆಸನ್ ಎಂಬ ಸಣ್ಣ ಸಣ್ಣ ಫೈಲುಗಳು ಕಾಣುತ್ತವೆ. ಕಸ ಎಂದು ಅಳಿಸಬೇಡಿ. ತೆಗೆದ ದಿನಾಂಕ, ಸ್ಥಳ, ನೀವು ಬರೆದ ಟಿಪ್ಪಣಿ ಅವುಗಳಲ್ಲಿರುತ್ತವೆ. ಸ್ಕ್ಯಾನ್ ಮಾಡಿ ಏರಿಸಿ, ಆಮೇಲೆ ಕೈಯಾರೆ ದಿನಾಂಕ ಹಾಕಿದ ಅಜ್ಜನ ಕಾಲದ ಫೋಟೊಗಳಿಗಂತೂ ಆ ಮಾಹಿತಿ ಬೇರೆಲ್ಲೂ ಇರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಇಳಿಸಿಕೊಂಡು ಬಾಡಿಗೆ ಕಟ್ಟುವುದನ್ನೇ ಬಿಡಬಹುದೇ? ಲೆಕ್ಕ ಹಾಗೆ ಹೇಳುತ್ತದೆ. 2 ಟಿಬಿ ಕ್ಲೌಡ್‌ಗೆ ವರ್ಷಕ್ಕೆ 6,500 ರೂಪಾಯಿ, ನಾನು ಕೊಂಡಾಗ 1 ಟಿಬಿ ಹಾರ್ಡ್ ಡಿಸ್ಕ್ ಐದು ಸಾವಿರದೊಳಗೆ ಸಿಕ್ಕಿತ್ತು. ಆದರೂ ನಾನು ಬಿಟ್ಟಿಲ್ಲ. ಡಿಸ್ಕ್ ಮೇಜಿನಿಂದ ಬಿದ್ದರೆ ಮುಗಿಯಿತು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಕೃಷ್ಣೆ, ಮಲಪ್ರಭೆಯ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಬೀರುವಿನೊಳಗಿನ ಆಲ್ಬಮ್ಮು, ಕಂಪ್ಯೂಟರು, ಡಿಸ್ಕು ಎಲ್ಲ ಒಟ್ಟಿಗೇ ಹೋದವು. ಛಾಯಾಗ್ರಾಹಕ ಪೀಟರ್ ಕ್ರೋ ಹೆಸರಿನೊಂದಿಗೆ ಬಳಕೆಗೆ ಬಂದ 3-2-1 ನಿಯಮ ಹೇಳುವುದು ಇದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ನಮ್ಮಲ್ಲಿ ಒಂದು ಪ್ರತಿ ಕಂಪ್ಯೂಟರಿನಲ್ಲಿದೆ, ಒಂದು ಡಿಸ್ಕ್ ಶಿವಮೊಗ್ಗದ ತಂಗಿಯ ಮನೆಯಲ್ಲಿದೆ, ಅವಳ ಡಿಸ್ಕ್ ನಮ್ಮ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿ ಹೊಸದನ್ನು ತುಂಬಿಕೊಳ್ಳುತ್ತೇವೆ. ಕ್ಲೌಡ್‌ನಲ್ಲಿ ಇಡುವುದು ಈಚಿನ ವರ್ಷಗಳದ್ದು ಮತ್ತು ಕಳೆದರೆ ಹೊಟ್ಟೆ ಉರಿಯುವಂಥದ್ದು ಮಾತ್ರ. ಹೀಗೆ ಮಾಡಿದ್ದರಿಂದ 100 ಜಿಬಿ ದಾಟುವ ಪ್ರಸಂಗ ಬಂದಿಲ್ಲ.

ಆ 100 ಜಿಬಿಗೂ ತಿಂಗಳ ಲೆಕ್ಕದಲ್ಲಿ ಕಟ್ಟಬೇಕಿಲ್ಲ. ವರ್ಷಕ್ಕೆ ಒಂದೇ ಸಲ ಕಟ್ಟಿದರೆ 1,300, ಅಂದರೆ 260 ರೂಪಾಯಿ ಉಳಿತಾಯ. ಇನ್ನೂ ಐವರನ್ನು ಕುಟುಂಬದ ಗುಂಪಿಗೆ ಸೇರಿಸಿಕೊಳ್ಳಬಹುದು, ಆರು ಮಂದಿ ಹಂಚಿಕೊಂಡರೆ ತಲೆಗೆ 217 ರೂಪಾಯಿ ಆಗುತ್ತದೆ. ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣುವುದಿಲ್ಲ, ಆದರೆ 4ಕೆ ಪ್ರೇಮಿ ಒಬ್ಬ ಇದ್ದರೆ ಇಡೀ ಜಾಗ ಅವನ ಪಾಲು.

ಮೊಬೈಲ್ ಕಂಪನಿಗಳ ಕೊಡುಗೆಗಳ ಬಗ್ಗೆ ಓದುಗರು ಕೇಳುತ್ತಿರುತ್ತಾರೆ. 2025ರ ಮೇ ತಿಂಗಳಲ್ಲಿ ಏರ್‌ಟೆಲ್ ತನ್ನ ಪೋಸ್ಟ್‌ಪೇಯ್ಡ್ ಮತ್ತು ವೈಫೈ ಗ್ರಾಹಕರಿಗೆ ಆರು ತಿಂಗಳು 100 ಜಿಬಿ ಪುಕ್ಕಟೆ ಎಂದಿತು, ಆಮೇಲೆ ತಿಂಗಳಿಗೆ 125 ರೂಪಾಯಿ. ಅಕ್ಟೋಬರ್‌ನಲ್ಲಿ ಜಿಯೊ ಅರ್ಹ 5ಜಿ ಗ್ರಾಹಕರಿಗೆ ಗೂಗಲ್‌ನ ಎಐ ಯೋಜನೆಯ ಜೊತೆ 2 ಟಿಬಿಯನ್ನು 18 ತಿಂಗಳಿಗೆ ಕೊಟ್ಟಿತು. ತೆಗೆದುಕೊಳ್ಳಬಾರದು ಎನ್ನುವುದಿಲ್ಲ. ಆದರೆ 15 ಜಿಬಿಯಲ್ಲಿ ಇದ್ದವರು ಬಿಟ್ಟಿ ಸಿಕ್ಕಿತೆಂದು 300 ಜಿಬಿ ತುಂಬಿಸಿದರೆ, ಅವಧಿ ಮುಗಿದ ದಿನ ಅಷ್ಟನ್ನೂ ಇಳಿಸಿಕೊಳ್ಳಬೇಕು ಇಲ್ಲವೇ ದುಡ್ಡು ಕಟ್ಟಬೇಕು. ಎರಡೂ ಮಾಡದೆ ಎರಡು ವರ್ಷ ಮಿತಿ ಮೀರಿಯೇ ಇದ್ದರೆ ಫೋಟೊಗಳನ್ನು ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ. ಕೊಡುಗೆ ಪಡೆದ ದಿನವೇ ಅದು ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಂದೆ ಕೈಯಿಂದ ಕಟ್ಟಲು ತಯಾರಿರುವಷ್ಟನ್ನೇ ತುಂಬಿ.

ಹಣದ ಸಲಹೆಗಾರರು ಎಲ್ಲದಕ್ಕೂ ನಾಮಿನಿ ಇದ್ದಾರೆಯೇ ಎಂದು ಕೇಳುತ್ತಾರೆ, ಫೋಟೊ ಖಾತೆಗೆ ಕೇಳುವುದಿಲ್ಲ. ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅವರ ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ನಿಲ್ಲಿಸುತ್ತೇವೆ. 90 ದಿನ ಬಳಕೆಯಿಲ್ಲದ ಪ್ರಿಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು. ಸಂಖ್ಯೆ ಹೋದರೆ ಒಟಿಪಿ ಬರುವ ದಾರಿ ಮುಚ್ಚುತ್ತದೆ, ಎರಡು ವರ್ಷ ಯಾರೂ ಬಳಸದ ಗೂಗಲ್ ಖಾತೆ ಅಳಿಸಿಹೋಗಬಹುದು. ಗೂಗಲ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’, ಆ್ಯಪಲ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಎಂಬ ಏರ್ಪಾಡು ಇದಕ್ಕೆಂದೇ ಇದೆ. ಬಿಟ್ಟಿ ಕೆಲಸ, ಹತ್ತು ನಿಮಿಷ ಹಿಡಿಯುತ್ತದೆ. ಹಿರಿಯರ ಫೋನಿನಲ್ಲಿ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಕೊಡಿ.

ಡಿಸ್ಕ್ ಕೊಳ್ಳುವವರಿಗೆ ಕೊನೆಯದಾಗಿ ಒಂದು ಮಾತು. 2 ಟಿಬಿ ಪೆನ್‌ಡ್ರೈವ್ ಐದುನೂರು ರೂಪಾಯಿಗೆ ಎಂಬ ಜಾಹೀರಾತುಗಳು ಮೋಸ. ಕಂಪ್ಯೂಟರಿಗೆ ಸುಳ್ಳು ಗಾತ್ರ ತೋರಿಸುತ್ತವೆ, ಒಂದಷ್ಟು ತುಂಬಿದ ಮೇಲೆ ಕಾಪಿಯಾದ ಫೋಟೊಗಳು ತೆರೆಯುವುದೇ ಇಲ್ಲ. ಹೆಸರಾಂತ ಕಂಪನಿಯದ್ದನ್ನೇ ಬಿಲ್ ಸಮೇತ ತೆಗೆದುಕೊಳ್ಳಿ, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಾದರೂ ಸರಿ, ನಿಮ್ಮೂರಿನ ಅಂಗಡಿಯಲ್ಲಾದರೂ ಸರಿ. ಡಿಸ್ಕ್ ಕೆಟ್ಟರೆ ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಡುತ್ತಾರೆ. ಅದರೊಳಗಿದ್ದ ಫೋಟೊಗಳಿಗೆ ವಾರಂಟಿ ಇಲ್ಲ.