ಪ್ಲಾಂಟ್ ಬದಲಾಯಿತು, ಡ್ರಾಯಿಂಗ್ ಬದಲಾಯಿತೇ?
ಲೇಸರ್ ಸ್ಕ್ಯಾನಿಂಗ್‌ನಿಂದ ಕಾರ್ಖಾನೆಯ ನಕ್ಷೆ ಸರಿಪಡಿಸುವ ಕ್ರಮ

ಕಾರ್ಖಾನೆ ಶುರುವಾದ ದಿನ ಡ್ರಾಯಿಂಗ್‌ನಲ್ಲಿ ಇದ್ದದ್ದೇ ಪ್ಲಾಂಟ್‌ನಲ್ಲೂ ಇರುತ್ತದೆ. ಆಮೇಲೆ ಒಂದು ಹಂಗಾಮಿಗೆ ಪಂಪು ಬದಲಾಗುತ್ತದೆ, ಇನ್ನೊಂದಕ್ಕೆ ಬೈಪಾಸ್ ಲೈನ್ ಬರುತ್ತದೆ, ತುಕ್ಕು ಹಿಡಿದ ಸಪೋರ್ಟ್ ಅರ್ಧ ಅಡಿ ಆಚೆ ಸರಿಯುತ್ತದೆ. ಇದೆಲ್ಲ ಫಿಟ್ಟರ್‌ಗಳಿಗೂ ಶಿಫ್ಟ್ ಎಂಜಿನಿಯರ್‌ಗೂ ಗೊತ್ತಿರುತ್ತದೆ, ಹಾಳೆಗೆ ಮಾತ್ರ ಇಳಿದಿರುವುದಿಲ್ಲ. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಗೇಟು ದಾಟಿ ಹೋಗುತ್ತದೆ.

ದಾಖಲೆಯಿಲ್ಲದ ಬದಲಾವಣೆ ಎಷ್ಟು ದುಬಾರಿ ಎಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ದುರಂತ ಸಾಕ್ಷಿ. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಐದನೇ ರಿಯಾಕ್ಟರ್ ತೆಗೆದು, ನಾಲ್ಕು ಮತ್ತು ಆರನೆಯದರ ನಡುವೆ 20 ಇಂಚಿನ ತಾತ್ಕಾಲಿಕ ಪೈಪ್ ಹಾಕಿದರು. ಅದಕ್ಕಿದ್ದ ಡ್ರಾಯಿಂಗ್ ಎಂದರೆ ವರ್ಕ್‌ಶಾಪ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗೆರೆಗಳು. 1974ರ ಜೂನ್ 1ರಂದು ಆ ಪೈಪ್ ಒಡೆದು ಸ್ಫೋಟವಾಯಿತು. 28 ಮಂದಿ ಸತ್ತರು.

ಹಳೆಯ ಪ್ಲಾಂಟ್‌ಗೆ ಹೊಸದನ್ನು ಜೋಡಿಸುವ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ: ಹಲವು ಸಕ್ಕರೆ ಕಾರ್ಖಾನೆಗಳು ಎಥೆನಾಲ್ ಘಟಕ ಸೇರಿಸಿಕೊಂಡಿವೆ. ಹಳೆಯ ಸ್ಟೀಮ್ ಹೆಡರ್‌ಗೆ ಹೊಸ ಲೈನ್ ಕೂಡಿಸಬೇಕಾದಾಗ ಅಳತೆ ತಪ್ಪಿದ್ದರೆ, ವರ್ಕ್‌ಶಾಪ್‌ನಲ್ಲಿ ಸಿದ್ಧವಾಗಿ ಬಂದ ಪೈಪ್ ಜಾಗದಲ್ಲಿ ಕೂರುವುದಿಲ್ಲ. ಅಲ್ಲೇ ಕತ್ತರಿಸಿ ಮತ್ತೆ ವೆಲ್ಡ್ ಮಾಡುವಷ್ಟರಲ್ಲಿ ಶಟ್‌ಡೌನ್ ಉದ್ದವಾಗುತ್ತದೆ. ಇಂಥ ಕಡೆ ಲೇಸರ್ ಸ್ಕ್ಯಾನರ್ ನೆರವಿಗೆ ಬರುತ್ತದೆ. ಟ್ರೈಪಾಡ್ ಮೇಲೆ ತಿರುಗುತ್ತಾ ಸುತ್ತಲಿನ ಮೇಲ್ಮೈಗಳಿಗೆ ಲೇಸರ್ ಬೀರಿ, ಮರಳಿ ಬಂದ ಬೆಳಕಿನಿಂದ ದೂರ ಅಳೆಯುವ ಯಂತ್ರ ಇದು. ಸೆಕೆಂಡಿಗೆ ಲಕ್ಷಗಟ್ಟಲೆ ಬಿಂದುಗಳು ದಾಖಲಾಗುತ್ತವೆ. ಆ ಬಿಂದುಗಳ ರಾಶಿಗೆ ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಕೆಲಸವನ್ನು ಈ ಕ್ರಮದಲ್ಲಿ ಮಾಡಿ.

1. ಉದ್ದೇಶ ಬರೆದಿಡಿ
ಹೊಸ ಪೈಪ್ ಕೂಡಿಸಲು ಬೇಕೋ, ಇಡೀ ಘಟಕದ ಲೇಔಟ್ ನವೀಕರಿಸಲು ಬೇಕೋ? ಕೂಡಿಸುವ ಜಾಗದಲ್ಲಿ ಮಿಲಿಮೀಟರ್ ಲೆಕ್ಕದ ನಿಖರತೆ ಬೇಕು. ಲೇಔಟ್‌ಗೆ ಅಷ್ಟು ಬೇಡ. ಸ್ಕ್ಯಾನಿಂಗ್ ಗುತ್ತಿಗೆಯಲ್ಲಿ ಪ್ರದೇಶ, ನಿಖರತೆ, ಕೊಡಬೇಕಾದ ಫೈಲ್‌ಗಳು ಸ್ಪಷ್ಟವಾಗಿರಲಿ. ಯಾವುದೇ ಕಂಪನಿಯ ಸಾಫ್ಟ್‌ವೇರ್‌ಗೆ ಕಟ್ಟುಬೀಳದ ಇ57 ಮಾದರಿಯಲ್ಲೂ ಡೇಟಾ ಕೇಳಿ ಪಡೆಯಿರಿ.

2. ಹಳೆಯ ಡ್ರಾಯಿಂಗ್ ಹಿಡಿದು ಓಡಾಡಿ
ಆಪರೇಟರ್ ಮತ್ತು ಹಿರಿಯ ಫಿಟ್ಟರ್ ಜೊತೆ ಲೈನ್ ಹಿಡಿದು ನಡೆಯಿರಿ. ಬದಲಾದದ್ದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಪೈಪ್ ಎಲ್ಲಿದೆ ಎಂದು ಸ್ಕ್ಯಾನರ್ ಹೇಳುತ್ತದೆ. ಒಳಗೆ ಹರಿಯುವುದು ರಸವೋ ಕಂಡೆನ್ಸೇಟೋ, ಯಾವ ದಿಕ್ಕಿಗೆ, ಯಾವ ವಾಲ್ವ್ ಸದಾ ಮುಚ್ಚಿರಬೇಕು ಎಂಬುದನ್ನು ಮನುಷ್ಯರೇ ಹೇಳಬೇಕು. ಪೈಪ್, ವಾಲ್ವ್, ಉಪಕರಣಗಳ ಸಂಪರ್ಕ ತೋರಿಸುವ ಪಿ ಅಂಡ್ ಐಡಿ ನಕ್ಷೆ ಸರಿಯಾಗುವುದು ಈ ನಡಿಗೆಯಿಂದಲೇ.

3. ಸಮಯ, ಪರ್ಮಿಟ್
ಯಂತ್ರ ನಡುಗುತ್ತಿದ್ದರೆ, ಹಬೆ ತುಂಬಿದ್ದರೆ, ಮೇಲ್ಮೈ ಒದ್ದೆಯಾಗಿದ್ದರೆ ಅಥವಾ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅಳತೆ ಕೆಡುತ್ತದೆ. ಕಬ್ಬು ನುರಿಸುವುದು ನಿಂತ ಮೇಲಿನ ಆಫ್ ಸೀಸನ್ ಇದಕ್ಕೆ ಸೂಕ್ತ. ಡಿಸ್ಟಿಲರಿಯಂಥ ಆವಿ ಬೆಂಕಿ ಹಿಡಿಯಬಲ್ಲ ಜಾಗಕ್ಕೆ ಸಾಮಾನ್ಯ ಸ್ಕ್ಯಾನರ್ ಹಾಗೇ ಒಯ್ಯುವಂತಿಲ್ಲ. ಗ್ಯಾಸ್ ಪರೀಕ್ಷೆ ಮಾಡಿಸಿ, ಸುರಕ್ಷತಾ ಅಧಿಕಾರಿಯಿಂದ ವರ್ಕ್ ಪರ್ಮಿಟ್ ಪಡೆದೇ ಒಳಗೆ ಹೋಗಿ.

4. ನೆರಳು ಉಳಿಯದಂತೆ ಸ್ಕ್ಯಾನ್ ಮಾಡಿ
ಲೇಸರ್ ನೇರ ಕಂಡದ್ದನ್ನಷ್ಟೇ ಅಳೆಯುತ್ತದೆ. ಟ್ಯಾಂಕ್ ಹಿಂಬದಿ, ಪ್ಲಾಟ್‌ಫಾರ್ಮ್ ಕೆಳಭಾಗ, ಒತ್ತಾಗಿರುವ ಪೈಪ್ ರ‍್ಯಾಕ್‌ಗೆ ಹೆಚ್ಚು ನಿಲುಗಡೆ ಬೇಕು. ಒಂದು ಕಡೆ ಕಂಡದ್ದು ಮುಂದಿನ ನಿಲುಗಡೆಯಿಂದಲೂ ಧಾರಾಳವಾಗಿ ಕಾಣಬೇಕು. ಇಲ್ಲದಿದ್ದರೆ ಸ್ಕ್ಯಾನ್‌ಗಳನ್ನು ಜೋಡಿಸಲಾಗದು.

5. ಜೋಡಣೆಯನ್ನು ಪರೀಕ್ಷಿಸಿ
ಎಲ್ಲ ಸ್ಕ್ಯಾನ್‌ಗಳನ್ನು ಒಂದೇ ನಿರ್ದೇಶಾಂಕ ಚೌಕಟ್ಟಿಗೆ ತರುವ ಹಂತ ಇದು. ಸಣ್ಣ ತಪ್ಪುಗಳು ಸೇರುತ್ತಾ ಹೋದರೆ ಉದ್ದನೆಯ ಪೈಪ್ ರ‍್ಯಾಕ್‌ನ ಕೊನೆಗೆ ದೊಡ್ಡ ವ್ಯತ್ಯಾಸವಾಗುತ್ತದೆ. ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ ಕಂಬ, ಅಡಿಪಾಯಗಳ ಮೇಲೆ ಖಾಯಂ ಗುರುತುಗಳನ್ನು ಅಳೆದಿಟ್ಟು, ಅವುಗಳಿಗೆ ಕ್ಲೌಡನ್ನು ಹೊಂದಿಸಿ. ತಪ್ಪಿನ ಪ್ರಮಾಣ ತೋರಿಸುವ ವರದಿ ನೋಡದೆ ಕೆಲಸ ಒಪ್ಪಿಕೊಳ್ಳಬೇಡಿ. ಟೇಪ್ ಹಿಡಿದು ಕೆಲವು ಅಳತೆಗಳನ್ನು ನೀವೇ ತಾಳೆ ನೋಡಿ.

6. ಹೊರಮೈ ನೋಡಿ ಮೋಸಹೋಗಬೇಡಿ
4 ಇಂಚಿನ ಪೈಪಿನ ಹೊರವ್ಯಾಸ 114.3 ಮಿ.ಮೀ. ಅದಕ್ಕೆ 50 ಮಿ.ಮೀ. ಇನ್ಸುಲೇಷನ್ ಸುತ್ತಿದರೆ 214.3 ಮಿ.ಮೀ. ಆಗುತ್ತದೆ. ಬರಿಯ 8 ಇಂಚಿನ ಪೈಪಿನ ಹೊರವ್ಯಾಸ 219.1 ಮಿ.ಮೀ. ಪಾಯಿಂಟ್ ಕ್ಲೌಡ್‌ನಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ! ಆದ್ದರಿಂದ ಗಾತ್ರವನ್ನು ಲೈನ್ ಲಿಸ್ಟ್ ಜೊತೆ, ಇನ್ಸುಲೇಷನ್ ಹೊದಿಸದೆ ಬಿಟ್ಟ ಫ್ಲೇಂಜ್ ಜೊತೆ ತಾಳೆ ಮಾಡಿ. ಪೈಪಿನ ದಪ್ಪ ಎಷ್ಟು ಸವೆದಿದೆ ಎಂಬುದಕ್ಕೆ ಅಲ್ಟ್ರಾಸಾನಿಕ್ ಗೇಜ್ ಬೇಕು. ಸ್ಕ್ಯಾನರ್‌ಗೆ ಅದು ಕಾಣುವುದಿಲ್ಲ.

7. ಡ್ರಾಯಿಂಗ್ ತಿದ್ದಿ, ಹಳೆಯದನ್ನು ಹಿಂಪಡೆಯಿರಿ
ಲೇಔಟ್, ಐಸೋಮೆಟ್ರಿಕ್, ಪಿ ಅಂಡ್ ಐಡಿ ಮೂರೂ ಒಂದಕ್ಕೊಂದು ಹೊಂದಬೇಕು. ಸ್ಕ್ಯಾನ್ ಆದ ದಿನಾಂಕ, ಪರಿಷ್ಕರಣೆ ಸಂಖ್ಯೆ, ಪರಿಶೀಲಿಸಿದವರ ಸಹಿ ಪ್ರತಿ ಹಾಳೆಯಲ್ಲಿರಲಿ. ಕಂಟ್ರೋಲ್ ರೂಮ್, ಮೇಂಟೆನೆನ್ಸ್, ಸ್ಟೋರ್‌ಗಳಲ್ಲಿ ಇರುವ ಹಳೆಯ ಪ್ರತಿಗಳನ್ನು ತೆಗೆಸಿ. ಒಂದೇ ಲೈನಿಗೆ ಎರಡು ಡ್ರಾಯಿಂಗ್ ಚಾಲ್ತಿಯಲ್ಲಿದ್ದರೆ ಡ್ರಾಯಿಂಗ್ ಇಲ್ಲದ್ದಕ್ಕಿಂತ ಅಪಾಯ.

8. ಬದಲಾವಣೆಗೆ ಬೀಗ ಹಾಕಿ
ಅತಿ ಮುಖ್ಯವಾದ ಹಂತ ಇದೇ. ಸ್ಕ್ಯಾನ್ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ. ಮರುದಿನ ಒಂದು ವಾಲ್ವ್ ಸರಿದರೂ ಡ್ರಾಯಿಂಗ್ ಮತ್ತೆ ಹಳತಾಗುತ್ತದೆ. ಯಾವ ಬದಲಾವಣೆಗೂ ಲಿಖಿತ ಅನುಮತಿ ಇರಲಿ. ತಾತ್ಕಾಲಿಕ ಎಂಬ ಹೆಸರಿಗೆ ವಿನಾಯಿತಿ ಬೇಡ. ಕೆಲಸ ಮುಗಿದ ಮೇಲೆ ಬದಲಾದ ಭಾಗವನ್ನಷ್ಟೇ ಮತ್ತೆ ಸ್ಕ್ಯಾನ್ ಮಾಡಿ, ಅದೇ ಖಾಯಂ ಗುರುತುಗಳಿಗೆ ಕೂಡಿಸಿದರೆ ಸಾಕು. ತಿದ್ದಿದ ಡ್ರಾಯಿಂಗ್ ಬರುವವರೆಗೆ ಆ ಜಾಬ್ ಮುಗಿಯಿತೆಂದು ಸಹಿ ಹಾಕಬೇಡಿ.

ಇಡೀ ಕಾರ್ಖಾನೆಯನ್ನು ಒಮ್ಮೆಗೇ ಸ್ಕ್ಯಾನ್ ಮಾಡಿಸುವಷ್ಟು ಹಣ ಇಲ್ಲದಿದ್ದರೆ ಅಧಿಕ ಒತ್ತಡದ ಸ್ಟೀಮ್ ಲೈನ್, ಬೆಂಕಿ ಹಿಡಿಯುವ ದ್ರವದ ಲೈನ್, ಮುಂದಿನ ಶಟ್‌ಡೌನ್‌ನಲ್ಲಿ ಕೈಹಾಕಲಿರುವ ಭಾಗ, ಇವಿಷ್ಟರಿಂದ ಆರಂಭಿಸಿ. ಡ್ರಾಯಿಂಗ್ ನಂಬಿಯೇ ಒಬ್ಬ ಕಾರ್ಮಿಕ ವಾಲ್ವ್ ಮುಚ್ಚಿ ಪೈಪ್ ಬಿಚ್ಚುತ್ತಾನೆ. ಆ ಡ್ರಾಯಿಂಗ್ ಸರಿ ಇರುವಂತೆ ನೋಡಿಕೊಳ್ಳುವ ಹೊಣೆ ಕಾರ್ಖಾನೆ ನಡೆಸುವವರದು.