ಉದುರಿದ ಎಲೆ ಹಳೆಯದೋ, ಹೊಸದೋ?

ತಮ್ಮಾ, ಹೋದ ವಾರ ನೀನು ಮೀನಿನ ತೊಟ್ಟಿಯ ಮುಂದೆ ಕೂತು, ತೇಲಿಬಂದ ಎಲೆಗಳನ್ನು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದೆ. ನಿನ್ನ ಮುಖವೂ ಬಾಡಿತ್ತು. ಅಂಗಡಿಯಲ್ಲಿ ಕೊಟ್ಟ ಗೊಬ್ಬರದ ಬಾಟಲಿ ಅರ್ಧ ಖಾಲಿಯಾಗಿತ್ತು, ಇನ್ನೊಂದು ತರಿಸುವ ಮಾತಾಡಿದೆ. ಅದನ್ನು ತರಿಸುವ ಮೊದಲು ಈ ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

ಗುಡೇಕೋಟೆಯಲ್ಲಿ ಶೇಂಗಾ ಬೆಳೆದ ಮನೆಯ ಹುಡುಗ ನೀನು. ಸುಣ್ಣದ ಅಂಶ ಹೆಚ್ಚಿರುವ ಹೊಲದಲ್ಲಿ ಕುಡಿ ಎಲೆ ಬಿಳಿಚಿಕೊಂಡು ನರವಷ್ಟೇ ಹಸಿರಾಗಿ ಉಳಿದರೆ ಏನೆನ್ನುತ್ತೇವೆ? ಕಬ್ಬಿಣ ಸಾಲದು ಅಂತೇವೆ, ಅನ್ನಭೇದಿ ಸಿಂಪಡಿಸುತ್ತೇವೆ. ಬುಡದ ಎಲೆ ಹಳದಿಯಾದರೆ ಲೆಕ್ಕವೇ ಬೇರೆ. ನೀರೊಳಗಿನ ಗಿಡದ್ದೂ ಇದೇ ಭಾಷೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಸಾಲದಾದಾಗ ಗಿಡ ತನ್ನ ಹಳೆಯ ಎಲೆಯಿಂದ ಅವನ್ನು ಎಳೆದು ಚಿಗುರಿಗೆ ಕೊಡುತ್ತದೆ. ಆಗ ಕೆಳಗಿನ ಎಲೆ ಮೊದಲು ಹಳದಿಯಾಗಿ ಉದುರುತ್ತದೆ. ಪೊಟ್ಯಾಷ್ ಕೊರತೆಯಾದರೆ ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಅಗಲವಾಗುತ್ತಾ ಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಎಲೆಯಿಂದ ಎಲೆಗೆ ಸರಿಯುವುದಿಲ್ಲ. ಅವು ಕಡಿಮೆಯಾದರೆ ಕೆಡುವುದು ಚಿಗುರು. ಆದ್ದರಿಂದ ಉದುರಿದ ಎಲೆ ಹಳೆಯದೋ ಹೊಸದೋ ಅಂತ ನೋಡದೆ ಬಾಟಲಿ ಬಗ್ಗಿಸಬೇಡ. ಹೊಲಕ್ಕೆ ತಂದ ಅನ್ನಭೇದಿಯನ್ನಂತೂ ತೊಟ್ಟಿಗೆ ಹಾಕಲೇಬೇಡ. ನಮ್ಮ ಗಡಸು ನೀರಿನಲ್ಲಿ ಅದು ತುಕ್ಕಾಗಿ ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಬಾಟಲಿಯ ಮೇಲೆ ಡಿಟಿಪಿಎ ಕಬ್ಬಿಣ ಎಂದಿದ್ದರೆ ತಾ, ಅದು ಇಂಥ ನೀರಿನಲ್ಲೂ ಸ್ವಲ್ಪ ಕಾಲ ತಡೆಯುತ್ತದೆ.

ನಿನ್ನ ತೊಟ್ಟಿಯಲ್ಲಿ ಹೆಚ್ಚು ಕರಗಿರುವುದು ಕ್ರಿಪ್ಟೊಕೊರೈನ್. ತಂದು ಹತ್ತು ದಿನವೂ ಆಗಿಲ್ಲ. ನರ್ಸರಿಗಳಲ್ಲಿ ಇವನ್ನು ಬಹಳ ಸಲ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಯಲ್ಲಿ ಬೆಳೆದ ಎಲೆಗೆ ನೀರೊಳಗೆ ಉಸಿರಾಡಲು ಬರುವುದಿಲ್ಲ. ಅದು ಲೋಳೆಯಾಗಿ ಕರಗುತ್ತದೆ. ನಾನು ಮೊದಲ ಸಲ ತಂದಾಗ ಹೀಗೇ ಆಯಿತು. ಗಿಡ ಸತ್ತಿತೆಂದು ಕಿತ್ತೆ. ಕೈಗೆ ಬಂದ ಬೇರು ಬೆಳ್ಳಗೆ, ಗಟ್ಟಿಯಾಗಿತ್ತು, ಆದರೂ ಎಸೆದೆ. ಆ ಬೇರು ಇವತ್ತಿಗೂ ಕಣ್ಣ ಮುಂದೆ ಇದೆ. ಈ ಕುಲದ ಕೆಲವು ಗಿಡಗಳು ನಮ್ಮ ಸಹ್ಯಾದ್ರಿಯ ಹೊಳೆಗಳವೇ. ಮಳೆಗಾಲದ ಸೆಳವನ್ನೂ ಬೇಸಿಗೆಯಲ್ಲಿ ಇಳಿದುಹೋಗುವ ನೀರನ್ನೂ ಕಂಡವು. ಸಂದರ್ಭ ಬದಲಾದಾಗ ಎಲೆ ಬಿಟ್ಟುಕೊಟ್ಟು ಬೇರು ಉಳಿಸಿಕೊಳ್ಳುವುದು ಅವುಗಳ ಗುಣ. ಕರಗಿದ ಎಲೆಯನ್ನು ಬುಡಕ್ಕೆ ಕತ್ತರಿಸಿ ತೆಗೆ, ಬೇರು ಅಲುಗಾಡಿಸಬೇಡ. ಮೂರು ನಾಲ್ಕು ವಾರ ಕಾದು ನೋಡು.

ಇನ್ನು ನೀರಿನ ಮಾತು. ಸ್ನಾನದ ಹಂಡೆಯ ಒಳಗೆ ಸುಣ್ಣ ಪೊರೆ ಕಟ್ಟಿರುವುದನ್ನು ದಿನಾ ನೋಡುತ್ತೀಯ. ಅದೇ ಬೋರ್ ನೀರು ತೊಟ್ಟಿಗೂ ಹೋಗಿತ್ತು. ಅದು ಕೆಟ್ಟದ್ದೆಂದು ಯಾರೋ ಹೇಳಿದರು, ನೀನು ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದು ಪೂರ್ತಿ ಅದನ್ನೇ ತುಂಬಿಸಿದೆ. ನಮ್ಮ ಕೂಡ್ಲಿಗಿ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯಲು ಆ ಕ್ಯಾನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಘಟಕದ ಆರ್‌ಒ ಯಂತ್ರ ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ಸೋಸಿಬಿಡುತ್ತದೆ. ಆ ನೀರೊಂದನ್ನೇ ಕುಡಿದ ಗಿಡ ಉಪವಾಸ ಬಿದ್ದಂತೆ. ಅರ್ಧ ಬೋರ್, ಅರ್ಧ ಕ್ಯಾನ್ ನೀರು ಬೆರೆಸು. ಒಮ್ಮೆಲೇ ಬೇಡ, ವಾರಕ್ಕೆ ಕಾಲು ತೊಟ್ಟಿಯಷ್ಟು. ವ್ಯಾಲಿಸ್ನೇರಿಯ ಮಾತ್ರ ಗಡಸು ನೀರಿನಲ್ಲೂ ಸೊಂಪಾಗಿ ಬರುತ್ತದೆ. ಹಠ ಮಾಡದೆ ಅಂಥ ಗಿಡವನ್ನೇ ಹೆಚ್ಚು ಇಟ್ಟರೆ ನಿನಗೂ ಸುಲಭ. ವ್ಯಾಲಿಸ್ನೇರಿಯ ಇರುವ ತೊಟ್ಟಿಗೆ ಲಿಕ್ವಿಡ್ ಕಾರ್ಬನ್ ಎಂದು ಮಾರುವ ದ್ರವ ಹಾಕಬೇಡ, ಗಿಡ ಕರಗಿಹೋಗುತ್ತದೆ.

ನಮ್ಮ ಕಡೆಯ ಬೇಸಿಗೆ ಇನ್ನೊಂದು ಪರೀಕ್ಷೆ. ಏಪ್ರಿಲ್, ಮೇನಲ್ಲಿ ಬಂಡೆ ಕಾದರೆ ರಾತ್ರಿಯೂ ಮನೆ ತಣ್ಣಗಾಗುವುದಿಲ್ಲ. ತೊಟ್ಟಿಯ ನೀರು 30 ಡಿಗ್ರಿ ದಾಟಿತೆಂದರೆ ನೀರಿನಲ್ಲಿ ಪ್ರಾಣವಾಯು ಇಳಿಯುತ್ತದೆ, ಎಲೆ ಕೊಳೆಯುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡು. ಎರಡು ಮೂರು ಡಿಗ್ರಿ ಇಳಿದೀತು. ಆದರೆ ಆರುವುದು ಬರೀ ನೀರು, ಉಪ್ಪು-ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೂ ಬೋರ್ ನೀರನ್ನೇ ತುಂಬುತ್ತಾ ಹೋದರೆ ತಿಂಗಳೊಪ್ಪತ್ತಿನಲ್ಲಿ ತೊಟ್ಟಿ ಸವುಳಾಗುತ್ತದೆ. ಆರಿಹೋದದ್ದನ್ನು ತುಂಬಲು ಕ್ಯಾನ್ ನೀರು, ವಾರದ ಬದಲಾವಣೆಗೆ ಬೆರಕೆ ನೀರು. ಇಷ್ಟು ನೆನಪಿಟ್ಟುಕೊ.

ಅನುಬಿಯಾಸ್, ಜಾವಾ ಫರ್ನ್ ಗಿಡಗಳ ದಪ್ಪ ಕಾಂಡವನ್ನು ಮರಳಲ್ಲಿ ಹೂತಿದ್ದೀಯ, ಅದು ಕೊಳೆತು ಎಲೆ ಬುಡಸಮೇತ ಕಳಚುತ್ತಿದೆ. ಎತ್ತಿ ಕಲ್ಲಿಗೆ ದಾರದಿಂದ ಕಟ್ಟು. ಮೀನಿನ ರೋಗಕ್ಕೆಂದು ಉಪ್ಪನ್ನೋ ತಾಮ್ರದ ಔಷಧಿಯನ್ನೋ ಗಿಡವಿರುವ ತೊಟ್ಟಿಗೆ ಹಾಕಬೇಡ. ರೋಗದ ಮೀನನ್ನು ಬೇರೆ ಪಾತ್ರೆಗೆ ತೆಗೆದು ಮದ್ದು ಮಾಡು. ದೀಪ ದಿನಕ್ಕೆ ಆರರಿಂದ ಎಂಟು ತಾಸು ಸಾಕು.

ಆ ಬಕೆಟ್ಟಿನ ಎಲೆಗಳನ್ನು ಕೆರೆಗೆ ಚೆಲ್ಲಿ ಬರುತ್ತೇನೆ ಅಂದೆಯಲ್ಲ, ಆ ಮಾತು ನನಗೆ ಅವತ್ತಿನಿಂದ ಕೊರೆಯುತ್ತಿದೆ. ದಕ್ಷಿಣ ಅಮೆರಿಕದಿಂದ ಹೂವಿನ ಚೆಂದಕ್ಕೆ ಬಂದ ಅಂತರಗಂಗೆ ಎಷ್ಟು ಕೆರೆಗಳ ಉಸಿರು ಕಟ್ಟಿಸಿದೆ ನೋಡು. ನಮ್ಮ ಸೀಮೆಯ ನೀರಿನಲ್ಲೂ ಬೆಳೆಯುವ ಹೈಡ್ರಿಲ್ಲಾ 1950ರ ದಶಕದಲ್ಲಿ ಶ್ರೀಲಂಕಾದಿಂದ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನ ಕೆರೆ-ಕಾಲುವೆಗಳನ್ನು ತುಂಬಿತು. ತುಂಡು ಕಾಂಡವೊಂದಿದ್ದರೂ ಇಂಥ ಗಿಡ ಬೇರು ಬಿಡುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿತು. ಊರವರು ಹಕ್ಕಿಗಳನ್ನು ಕಾಯ್ದ ಕೆರೆ ಅದು. ನಮ್ಮೂರ ಕೆರೆಗೆ ಪಟ್ಟಿಯಲ್ಲಿ ಹೆಸರಿಲ್ಲದಿರಬಹುದು, ದನಕರು ನೀರು ಕುಡಿಯುವುದು ಅಲ್ಲೇ. ಕತ್ತರಿಸಿದ ಎಲೆ, ಬಳ್ಳಿ ಏನಿದ್ದರೂ ಬಂಡೆಯ ಮೇಲೆ ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿ ತಿಪ್ಪೆಗೆ ಹಾಕು, ತಮ್ಮಾ. ಕೆರೆಗೆ ಮಾತ್ರ ಬೇಡ.